ಬಿಕಿನಿಯ ತೆಂಗಿನಲ್ಲಿ ಸೀಸಿಯಂ ಏಕೆ?

ಪ್ರಶ್ನೆ: ಅಮೆರಿಕ ಅಣ್ವಸ್ತ್ರ ಪರೀಕ್ಷೆ ನಡೆಸಿದ, ಮಾರ್ಷಲ್ ದ್ವೀಪಗಳ ಬಿಕಿನಿಗೆ ಮರಳಿದವರನ್ನು 1978ರಲ್ಲಿ ಮತ್ತೆ ತೆರವುಗೊಳಿಸಿದರು. ತೊಂದರೆ ಮೀನಿನಿಂದಲ್ಲ, ತೆಂಗಿನಿಂದ ಬಂತು ಅಂತಾರೆ, ನಿಜವಾ?

ಉತ್ತರ 1: ನಿಜ, ಮುಖ್ಯವಾಗಿ ತೆಂಗೇ. ಹವಳದ ಮಣ್ಣಲ್ಲಿ ಪೊಟ್ಯಾಸಿಯಂ ತೀರಾ ಕಮ್ಮಿ. ಬೇರು ಅದರ ಬದಲಿಗೆ, ಪರೀಕ್ಷೆಗಳಿಂದ ಮಣ್ಣಲ್ಲಿ ಉಳಿದ ವಿಕಿರಣಶೀಲ ಸೀಸಿಯಂ-137 ಹೀರುತ್ತೆ. ಎಳನೀರು, ಕಾಯಿ, ಕೇದಗೆ ಜಾತಿಯ ಹಣ್ಣು, ದೀವಿಹಲಸು ಎಲ್ಲದರಲ್ಲೂ ಸೇರುತ್ತೆ. ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರ ಹಾಕಿದರೆ ಕಾಯಿಯ ಸೀಸಿಯಂ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತೆ. ಸೀಸಿಯಂ ತೆಗೆಯೋಕೆ ಅಂತ ತೋಟದ ಮೇಲ್ಮಣ್ಣು ಮಾತ್ರ ಕೆರೆಯಬೇಡಿ. ಇರೋ ಚೂರು ಸತ್ವವೂ ಹೋಗುತ್ತೆ, ಮರ ಸೊರಗುತ್ತೆ.

ಉತ್ತರ 2: ಸೀಸಿಯಂ ಮಾತಲ್ಲ, ಅಲ್ಲಿನ ಇನ್ನೊಂದು ಆಹಾರದ ಬಗ್ಗೆ ಹೇಳ್ತೀನಿ. ಅಲ್ಲಿನ ಆರಾರೂಟ್ ಗೆಡ್ಡೆ ಹಸಿಯಾಗಿ ಕಹಿ. ತುರಿದು, ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ. ಹಿಟ್ಟು ತಳಕ್ಕೆ ಕೂತ ಮೇಲೆ ನೀರು ಬಸಿದು ಹೊಸದು ಹಾಕಿ. ಒಂದೇ ತೊಳೆತಕ್ಕೆ ನಿಲ್ಲಿಸಿದರೆ ಕಹಿ ಉಳಿಯುತ್ತೆ. ಬೆರಳ ನಡುವೆ ಕಿರುಗುಟ್ಟುವಷ್ಟು ಬಿಸಿಲಲ್ಲಿ ಒಣಗಿಸಿ, ಇಲ್ಲವಾದರೆ ಬೂಷ್ಟು ಗ್ಯಾರಂಟಿ.