ಅಪ್‌ಡೇಟ್: ಹೈವೇ 66 ಬಿಟ್ಟು ಕಾಸರಗೋಡು ಸುತ್ತಿ ಬಂದೆವು

ಓಣಂ ರಜೆಗೆ ರಾಷ್ಟ್ರೀಯ ಹೆದ್ದಾರಿ 66ರ ಗೊಡವೆ ಬೇಡ, ಬದಿಯಡ್ಕದಿಂದ ಹೊರಟು ಆದಷ್ಟು ರಾಜ್ಯ ಹೆದ್ದಾರಿಗಳಲ್ಲೇ ಒಂದು ಸುತ್ತು ಹಾಕುವುದು ಹೇಗೆ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ದಾರಿ ಹೇಳಿದ ಎಲ್ಲರಿಗೂ ನಮಸ್ಕಾರ.

ಮುಳ್ಳೇರಿಯದಲ್ಲಿ ಚೆರ್ಕಳ-ಜಾಲ್ಸೂರು ರಸ್ತೆ ಹಿಡಿದು ಸುಳ್ಯ, ಅಲ್ಲಿಂದ ಆಲೆಟ್ಟಿಯಾಗಿ ಪಾಣತ್ತೂರು. ಆಲೆಟ್ಟಿ ದಾರಿ ಸಪೂರ, ಎದುರು ಜೀಪು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಕತ್ತಲಾದ ಮೇಲೆ ಬೇಡ.

ಪಾಣತ್ತೂರು ಬದಿಯ ರಾಣಿಪುರಂ ಬೆಟ್ಟ ಬಿಡಬೇಡಿ ಅಂತ ಒತ್ತಿ ಹೇಳಿದ ಅಕ್ಕನಿಗೆ ಎಷ್ಟು ಉಪಕಾರ ಹೇಳಿದರೂ ಸಾಲದು. ಮಳೆ ಬಿಟ್ಟಿರಲಿಲ್ಲ, ಕಾಡಿನ ದಾರಿ ತುಂಬ ಉಂಬಳ (ಜಿಗಣೆ). ಅಮ್ಮ ಸುಣ್ಣ, ಹೊಗೆಸೊಪ್ಪು ಸೇರಿಸಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರು. ಕಚ್ಚಿದಲ್ಲಿ ಒತ್ತಿದ ಕೂಡಲೇ ಉದುರುತ್ತಿತ್ತು. ಕಾಡು ಮುಗಿದು ಹುಲ್ಲುಗುಡ್ಡೆ ಶುರುವಾಗುವಲ್ಲಿ ಗಾಳಿಗೆ ಮಂಜು ಸರಿದು, ಕೊಡಗಿನ ಬದಿಯ ಬೆಟ್ಟಸಾಲು ಪೂರ್ತಿ ಕಂಡಿತು. ಮಕ್ಕಳು ಇಳಿಯಲು ಒಪ್ಪಲೇ ಇಲ್ಲ.

ಆಮೇಲೆ ರಾಜಪುರಂ, ಹೊಸದುರ್ಗ (ಕಾಞಂಗಾಡ್), ಬೇಕಲ. ರಜೆಯಾದ್ದರಿಂದ ಬೇಕಲ ಕೋಟೆಯಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಮಾತು ಕೇಳುವುದಾದರೆ ಅದೇ ರಸ್ತೆಯಲ್ಲಿ ಮುಂದೆ ಬಂದು ಚಂದ್ರಗಿರಿ ಕೋಟೆ ಹತ್ತಿ. ಅದೂ 17ನೇ ಶತಮಾನದ್ದು, ಕೆಳದಿಯ ಶಿವಪ್ಪ ನಾಯಕನದ್ದೇ. ಕೆಳಗೆ ಹೊಳೆ, ರೈಲು ಸೇತುವೆ, ಆಚೆ ಸಮುದ್ರ. ಜನ ತೀರಾ ಕಡಿಮೆ. ಅಪ್ಪ ಅಲ್ಲೇ ಕೂತು ಬುತ್ತಿ ಬಿಚ್ಚಿದರು.

ಮುಂದಿನ ರಜೆಗೆ ನಂದಾರಪದವಿನಿಂದ ಶುರುವಾಗುವ ಕೇರಳದ ಮಲೆನಾಡ ಹೆದ್ದಾರಿಯಲ್ಲಿ (ಹಿಲ್ ಹೈವೇ) ಹೋಗುವ ಆಸೆ. ಚೇವಾರು ದಾಟಿ ತೆಂಕಕ್ಕೆ ಕಾರಿನಲ್ಲಿ ಹೋದವರಿದ್ದರೆ ದಯವಿಟ್ಟು ತಿಳಿಸಿ.