ನವನಗರದಿಂದ ಹೊಸೂರಿಗೆ ದಿನಾ ಸೈಕಲ್: ಬಿಡಬೇಕಾ, ಮುಂದುವರಿಸಬೇಕಾ?

ನವನಗರದವನು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ದಿನಾ ಕೆಲಸಕ್ಕೆ ಸೈಕಲ್ ಮೇಲೆ ಹೋಗುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನನ್ನ ಮನೆ ನವನಗರ, ಕೆಲಸ ಹೊಸೂರು ಸರ್ಕಲ್ ಹತ್ತಿರ. ಒಂದು ಕಡೆಗೆ ಏಳೆಂಟು ಕಿಲೋಮೀಟರ್. ಎರಡು ತಿಂಗಳಿಂದ ಬೈಕ್ ಮನೆಯಲ್ಲೇ ಬಿಟ್ಟು ಸೈಕಲ್ ಹೊಡೆಯುತ್ತಿದ್ದೇನೆ. ಶುಗರ್ ಬಾರ್ಡರ್‌ಗೆ ಬಂದಿದೆ ಅಂತ ಡಾಕ್ಟರ್ ಹೇಳಿದ್ದಕ್ಕೆ ಶುರು ಮಾಡಿದೆ. ಈಗ ಅದಿಲ್ಲದೆ ದಿನ ಶುರುವಾಗುವುದೇ ಇಲ್ಲ.

ಹೋದ ಗುರುವಾರ ಬೈರಿದೇವರಕೊಪ್ಪದ ಹತ್ತಿರ ಬಿದ್ದೆ. ರಸ್ತೆಯ ಎಡ ಅಂಚಿಗೆ ಅಂಟಿಕೊಂಡೇ ಹೋಗುತ್ತಿದ್ದೆ. ಯಾರೋ ಕೈ ಮಾಡಿದರು ಅಂತ ಮುಂದಿದ್ದ ಟಂಟಂ (ಶೇರ್ ಆಟೊ) ಗಕ್ಕನೆ ನಿಂತಿತು. ಬ್ರೇಕ್ ಹಿಡಿದೆ. ಅಲ್ಲಿ ಉಸುಕು ಬಿದ್ದಿತ್ತು, ಮುಂದಿನ ಗಾಲಿ ಜಾರಿತು. ಮೊಣಕೈ ತರಚಿತು, ಅಷ್ಟೇ. ಆದರೆ ತಲೆ ಎತ್ತಿ ನೋಡಿದರೆ ಹಿಂದೆ ಬರುತ್ತಿದ್ದ ಲಾರಿಯ ಗಾಲಿ ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಡಬ್ಬಿ ಬಿಚ್ಚಿಕೊಂಡು ರೊಟ್ಟಿ-ಪಲ್ಯ ಎಲ್ಲ ಡಾಂಬರಿನ ಮೇಲೆ ಬಿದ್ದಿತ್ತು. ಲಾರಿ ಡ್ರೈವರ್ ಇಳಿದು ಬಂದರು, ಬೈಯಲಿಲ್ಲ, ನೀರು ಕೊಟ್ಟು ಕೂರಿಸಿದರು. ಅವರ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು.

ಮನೆಯಲ್ಲಿ ಹೆಂಡತಿ ಸೈಕಲ್‌ಗೆ ಬೀಗ ಹಾಕಿ ಕೀಲಿ ಇಟ್ಟುಕೊಂಡಿದ್ದಾಳೆ. ಅವಳು ಹೇಳುವುದು ತಪ್ಪು ಅಂತ ನನಗೂ ಅನ್ನಿಸುತ್ತಿಲ್ಲ. ನಾನು ಎಲ್ಲಿ ತಪ್ಪಿದೆ? ಬೇರೆ ದಾರಿ ಏನಾದರೂ ಇದೆಯಾ? ಸಂಜೆ ವಾಪಸ್ ಬರುವಾಗ ಸುಸ್ತಾಗಿ ಗಮನ ತಪ್ಪುತ್ತದೆ, ಅದಕ್ಕೇನು ಮಾಡಬೇಕು?

ಉಣಕಲ್ ಕೆರೆ ದಂಡೆ:

ಮೊದಲು ಮೊಣಕೈ ಹೇಗಿದೆ ಹೇಳಿ. ಟಿಟಿ ಇಂಜೆಕ್ಷನ್ ಮಾಡಿಸಿದ್ದೀರಾ? ರಸ್ತೆಯಲ್ಲಿ ಆದ ಗಾಯ, ಸುಮ್ನೆ ಬಿಡಬೇಡಿ.

ನಾನು ಆರು ವರ್ಷದಿಂದ ಉಣಕಲ್‌ನಿಂದ ಕೇಶ್ವಾಪುರಕ್ಕೆ ಸೈಕಲ್ ಮೇಲೆ ಹೋಗುತ್ತೇನೆ. ನೀವು ಬಿದ್ದದ್ದು ಅಂಚಿನಲ್ಲಿ ಹೊಡೆದದ್ದಕ್ಕೆ. ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿ ಎರಡು ಸಲ ಬಿದ್ದೆ. ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟದ್ದು ಒಂದೇ, ಎಡಕ್ಕೆ ಸರಿ, ಇನ್ನೂ ಎಡಕ್ಕೆ ಸರಿ. ಆದರೆ ಆ ಅಂಚಿನಲ್ಲಿ ಏನೇನಿರುತ್ತದೆ ನೋಡಿ. ಗಾಡಿಗಳು ಓಡಾಡಿ ಓಡಾಡಿ ಉಸುಕು, ಖಡಿ, ಗಾಜಿನ ಚೂರು ಎಲ್ಲ ಅಲ್ಲಿಗೇ ಸರಿದು ಬಿದ್ದಿರುತ್ತದೆ. ಗಟಾರದ ಜಾಳಿಗೆ ಅಲ್ಲೇ, ನಿಂತ ಕಾರಿನ ಬಾಗಿಲು ತೆರೆಯುವುದು ಅಲ್ಲೇ, ಟಂಟಂ ನಿಲ್ಲುವುದೂ ಅಲ್ಲೇ. ತಗ್ಗು ಬಂತು ಅಂದರೆ ಎಡಕ್ಕೆ ಜಾಗವಿಲ್ಲ, ಬಲಕ್ಕೇ ಹೊರಳಬೇಕು, ನೀವು ಹೊರಳುತ್ತೀರಿ ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು?

ಅಂಚಿನಿಂದ ಮೂರು ಅಡಿ ಒಳಗೆ ಬನ್ನಿ. ಒಂದೇ ಗೆರೆ ಹಿಡಿದು ಹೋಗಿ, ಅತ್ತಿತ್ತ ಹೊಯ್ದಾಡಬೇಡಿ. ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಹಾರ್ನ್ ಹೊಡೆದವನು ನಿಮ್ಮನ್ನು ನೋಡಿದ್ದಾನೆ ಅಂತಲೇ ಅರ್ಥ. ನೋಡದೆ ಬರುವವನೇ ಅಪಾಯ. ಮುಂದೆ ಟಂಟಂ ಇದ್ದರೆ ಅದು ಯಾವಾಗ ಬೇಕಾದರೂ ನಿಲ್ಲುತ್ತದೆ ಅಂತಲೇ ತಿಳಿದು ಎರಡು ಗಾಡಿಯಷ್ಟು ಜಾಗ ಬಿಡಿ. ರಸ್ತೆ ಬದಿಯಲ್ಲಿ ಯಾರಾದರೂ ಚೀಲ ಹಿಡಿದು ನಿಂತಿದ್ದಾರಾ ಅಂತ ನೋಡುತ್ತಿರಿ, ಟಂಟಂನವನಿಗಿಂತ ಮುಂಚೆ ನಿಮಗೇ ಗೊತ್ತಾಗುತ್ತದೆ.

ದಾರಿಯ ವಿಷಯ. ಉಣಕಲ್‌ವರೆಗೆ ಪಿ.ಬಿ. ರಸ್ತೆ (ಪುಣೆ-ಬೆಂಗಳೂರು ರಸ್ತೆ) ಬಿಟ್ಟರೆ ನಾನಂತೂ ಬೇರೆ ದಾರಿ ಕಂಡಿಲ್ಲ. ಅಲ್ಲಿಂದ ಮುಂದೆ ಶಿರೂರ ಪಾರ್ಕ್ ಕಡೆ ತಿರುಗಿ ವಿದ್ಯಾನಗರದ ಒಳ ರಸ್ತೆಗಳಲ್ಲೇ ಹೋಗಿ ನೋಡಿ. ಐದು ನಿಮಿಷ ಜಾಸ್ತಿ ಹಿಡಿಯಬಹುದು, ಆದರೆ ಲಾರಿ ಇಲ್ಲ, ಬಸ್ಸಿಲ್ಲ, ಮರಗಳ ನೆರಳಿದೆ.

ಬೆಳಗಿನ ಸವಾರ:

ನನ್ನ ಕೇಳಿದರೆ ಬೆಳಿಗ್ಗೆ ಆರೂವರೆಗೆ ಹೊರಡಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಅಂತಲೇ ಮಾಡಿದ ಲೇನ್ ಖಾಲಿ ಇರುತ್ತದೆ, ಅದರಲ್ಲೇ ಆರಾಮಾಗಿ ಹೋಗಬಹುದು. ನುಣ್ಣನೆ ರಸ್ತೆ, ಒಂದು ತಗ್ಗಿಲ್ಲ. ಸುಮಾರು ಜನ ಹೋಗುತ್ತಾರೆ.

ಸತ್ತೂರಿನ ಅಕ್ಕ:

ಬೆಳಗಿನ ಸವಾರ ಅಣ್ಣಾ, ಕೈ ಮುಗಿದು ಹೇಳುತ್ತೇನೆ, ಈ ಸಲಹೆ ಯಾರಿಗೂ ಕೊಡಬೇಡಿ. ನನ್ನ ತಮ್ಮ ಚಿಗರಿ ಓಡಿಸುತ್ತಾನೆ. ಆ ಲೇನಿನಲ್ಲಿ ಬೇರೆ ಯಾರೂ ಇರುವುದಿಲ್ಲ ಅಂತಲೇ ಬಸ್ಸು ಆ ವೇಗದಲ್ಲಿ ಬರುತ್ತದೆ. ಎರಡೂ ಬದಿ ಕಂಬಿ. ಹಿಂದೆ ಬಸ್ಸು ಬಂತು ಅಂದರೆ ನೀವು ಎಲ್ಲಿ ಸರಿಯುತ್ತೀರಿ? ಬೆಳಗಿನ ಜಾವ ಮಂಜಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಮುದುಕರು ಒಮ್ಮೆ ಅವನ ಕಣ್ಣಿಗೆ ಬಿದ್ದದ್ದು ತೀರಾ ಹತ್ತಿರ ಬಂದ ಮೇಲೆ. ಬಸ್ಸು ನಿಂತದ್ದು ದೇವರ ದಯೆ. ಆ ದಿನ ಅವನು ಮನೆಗೆ ಬಂದು ಊಟ ಮಾಡಲಿಲ್ಲ. ಅದು ಬಸ್ಸಿನ ದಾರಿ, ಅಲ್ಲಿ ನಾವು ಹೋಗಬಾರದು, ಅಷ್ಟೇ.

ನಮಗೂ ಒಂದು ದಾರಿ ಬೇಕಿತ್ತು ಅನ್ನುವುದು ಬೇರೆ ಮಾತು, ಅದನ್ನು ಜೋರಾಗಿಯೇ ಕೇಳಬೇಕು. ಎರಡು ಊರಿನ ನಡುವೆ 22 ಕಿಲೋಮೀಟರ್‌ನಷ್ಟು ರಸ್ತೆ ಅಗೆದು ಹೊಸದಾಗಿ ಕಟ್ಟಿದರು, 2018ರಲ್ಲಿ ಬಸ್ಸು ಓಡಲು ಶುರುವಾಯಿತು. ಬಸ್ಸು ಚೆನ್ನಾಗಿದೆ, ನಾನೂ ಹತ್ತುತ್ತೇನೆ. ಆದರೆ ಈ ತುದಿಯಿಂದ ಆ ತುದಿಯವರೆಗೆ ತಡೆಯಿಲ್ಲದ ಸೈಕಲ್ ದಾರಿ ಮಾತ್ರ ನಮಗೆ ಸಿಗಲಿಲ್ಲ. ಉಣಕಲ್ ನಾಲೆಯ ದಂಡೆಗೆ ಸೈಕಲ್ ದಾರಿ ಮಾಡುವ ಕೆಲಸ ಸ್ಮಾರ್ಟ್ ಸಿಟಿಯವರು ಹಿಡಿದರಲ್ವಾ, ಅಂಥದ್ದು ತುಂಡು ತುಂಡಾಗಿ ನಿಲ್ಲದೆ ಊರೊಳಗೆ ಪೂರ್ತಿ ಹಾಯ್ದು ಹೋದರೆ ನನ್ನ ಮಗಳನ್ನು ನಾನೇ ಸೈಕಲ್ ಕೊಟ್ಟು ಕಳಿಸುತ್ತೇನೆ. ಈಗ ಕಳಿಸಲು ಧೈರ್ಯವಿಲ್ಲ.

ಬೆಳಗಿನ ಸವಾರ:

ಸರಿ ಅಕ್ಕಾ, ಡ್ರೈವರ್ ಕಡೆಯಿಂದ ನಾನು ಯೋಚನೆಯೇ ಮಾಡಿರಲಿಲ್ಲ. ನಾಳೆಯಿಂದ ಅಲ್ಲಿ ಹೋಗುವುದಿಲ್ಲ.

ಕೆಲಗೇರಿ ಮೇಷ್ಟ್ರು:

ಸಂಜೆಯ ಸುಸ್ತಿನ ಬಗ್ಗೆ ಕೇಳಿದ್ದೀರಿ. ಅದು ನಿಮ್ಮ ವಯಸ್ಸಿನದ್ದಲ್ಲ, ನೆಲದ್ದು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ನಿಮ್ಮ ನವನಗರ ಇರುವುದು ಧಾರವಾಡದ ಕಡೆಗೆ. ಬೆಳಿಗ್ಗೆ ನೀವು ಇಳಿಯುತ್ತೀರಿ, ಸಂಜೆ ಏರುತ್ತೀರಿ. ಕಣ್ಣಿಗೆ ಸಪಾಟು ಕಾಣುತ್ತದೆ, ತೊಡೆಗೆ ಗೊತ್ತಾಗುತ್ತದೆ. ಅದರ ಮೇಲೆ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ಗೇರು ಇಳಿಸಿ, ನಿಧಾನ ತುಳಿಯಿರಿ. ಉಣಕಲ್ ಕೆರೆಯ ಹತ್ತಿರ ಹತ್ತು ನಿಮಿಷ ಇಳಿದು ಕೂತು, ನೀರು ಕುಡಿದು, ಎರಡು ಬಾಳೆಹಣ್ಣು ತಿಂದು ಮುಂದೆ ಹೋಗಿ. ಗಮನ ತಪ್ಪುವುದು ಹೊಟ್ಟೆ ಖಾಲಿ ಇದ್ದಾಗಲೇ ಜಾಸ್ತಿ.

ಇನ್ನೊಂದು ಮಾತು ಹೇಳಲೇಬೇಕು. ಹಳ್ಳಿಯ ಪ್ರೌಢಶಾಲೆಯಲ್ಲಿ ಕಲಿಸಿದವನು ನಾನು. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಪಕ್ಕದ ಹಳ್ಳಿಗಳಿಂದ ಹುಡುಗಿಯರು ಐದಾರು ಜನ ಸಾಲಾಗಿ ಬೆಲ್ ಹೊಡೆಯುತ್ತ ಬರುತ್ತಿದ್ದರು. ಬಸ್ಸು ತಪ್ಪಿತು ಅಂತ ಶಾಲೆ ತಪ್ಪಿಸುವುದು ನಿಂತಿತ್ತು. ಕೊರೋನಾ ಬಂದ ಮೇಲೆ ಸೈಕಲ್ ಕೊಡುವುದು ನಿಂತುಹೋಯಿತು. ಸೈಕಲ್ ಅಂದರೆ ಬರೀ ವ್ಯಾಯಾಮ ಅಂತ ಮಾತಾಡುವಾಗ ನನಗೆ ಆ ಮಕ್ಕಳು ನೆನಪಾಗುತ್ತಾರೆ. ಹಾಲಿನವರು, ಪೇಪರ್ ಹಾಕುವ ಹುಡುಗರು, ಗೌಂಡಿ ಕೆಲಸಕ್ಕೆ ಹೋಗುವವರು, ಇವರು ಯಾರೂ ಬಿಡಬೇಕಾ ಅಂತ ಕೇಳುವ ಹಾಗಿಲ್ಲ. ರಸ್ತೆ ಸರಿ ಮಾಡಿ ಅಂತ ಕೇಳಲು ನಿಮ್ಮಂಥವರು ರಸ್ತೆಯ ಮೇಲೆ ಇರಬೇಕು.

ಗಾಲಿ ಮತ್ತು ಹವಾ:

ನನ್ನದು ಸೈಕಲ್ ರಿಪೇರಿ ಅಂಗಡಿ. ಟೈರ್ ಯಾವುದು ಹಾಕಿದ್ದೀರಿ? ಸಣ್ಣ ರೇಸ್ ಟೈರ್ ಇದ್ದರೆ ಬದಲಿಸಿ, ನಮ್ಮ ರಸ್ತೆಗೆ ಅಗಲ ಟೈರೇ ಬೇಕು. ಹವಾ ಕಲ್ಲಿನಂತೆ ಗಟ್ಟಿ ತುಂಬಿಸಬೇಡಿ, ಉಸುಕಿನ ಮೇಲೆ ಜಾರುತ್ತದೆ. ಮುಂದಿನ ಬ್ರೇಕ್ ಒಂದನ್ನೇ ಒತ್ತಿ ಹಿಡಿದದ್ದಕ್ಕೆ ನಿಮ್ಮ ಗಾಲಿ ಜಾರಿರಬೇಕು, ಎರಡನ್ನೂ ಒಟ್ಟಿಗೆ, ಸ್ವಲ್ಪ ಸ್ವಲ್ಪವಾಗಿ ಹಿಡಿಯಿರಿ. ಮಳೆಯಲ್ಲಿ ರಬ್ಬರ್ ಬ್ರೇಕ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ, ನೆನಪಿರಲಿ. ಎರಿ ಮಣ್ಣಿನ ರಾಡಿ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡರೆ ಗಾಲಿ ತಿರುಗುವುದೇ ಇಲ್ಲ, ಒಣಗುವ ಮುಂಚೆ ಕಡ್ಡಿಯಿಂದ ಕೆರೆದು ತೆಗೆಯಿರಿ.

ಬಲಗಡೆ ಹ್ಯಾಂಡಲ್‌ಗೆ ಒಂದು ಕನ್ನಡಿ, ಹಿಂದೆ ಕೆಂಪು ದೀಪ. ಇವೆರಡು ಇಲ್ಲದೆ ಪಿ.ಬಿ. ರಸ್ತೆಗೆ ಇಳಿಯಬೇಡಿ. ಹೆಲ್ಮೆಟ್ ಅಂತೂ ಹಾಕುತ್ತೀರಿ ಅಂದುಕೊಂಡಿದ್ದೇನೆ.

ನವನಗರದವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಟಿ ಮಾಡಿಸಿದ್ದೇನೆ, ಗಾಯ ಒಣಗುತ್ತಿದೆ. ಹೆಲ್ಮೆಟ್ ಇದೆ, ಕನ್ನಡಿ ಇರಲಿಲ್ಲ, ಹಾಕಿಸಿದೆ. ಹೌದು, ಮುಂದಿನ ಬ್ರೇಕ್ ಒಂದನ್ನೇ ಹಿಡಿದಿದ್ದೆ.

ನಿಮ್ಮ ಉತ್ತರಗಳನ್ನು ಹೆಂಡತಿಗೆ ಓದಿ ಹೇಳಿದೆ. ಸತ್ತೂರಿನ ಅಕ್ಕನ ಮಾತನ್ನು ಅವಳೇ ಫೋನ್ ಇಸಿದುಕೊಂಡು ಎರಡು ಸಲ ಓದಿದಳು. ಭಾನುವಾರ ಬೆಳಿಗ್ಗೆ ಅವಳು ಸ್ಕೂಟಿಯಲ್ಲಿ ಹಿಂದೆ ಬಂದಳು, ನಾನು ಸೈಕಲ್ ಮೇಲೆ ಮುಂದೆ. ಮೂರು ಅಡಿ ಒಳಗೆ ಹೋಗುವುದು ಮೊದಲ ಒಂದು ಕಿಲೋಮೀಟರ್ ತುಂಬಾ ಭಯವಾಯಿತು, ಬೆನ್ನೆಲ್ಲ ಬಿಗಿದುಕೊಂಡಿತ್ತು. ಆಮೇಲೆ ನೋಡಿದರೆ ಕಾರಿನವರು ನಿಜವಾಗಿಯೂ ಪಕ್ಕದ ಲೇನಿಗೆ ಹೋಗಿ ದಾಟುತ್ತಿದ್ದಾರೆ, ಮೊದಲಿನ ಹಾಗೆ ಮೊಣಕೈಗೆ ಸವರಿಕೊಂಡು ಹೋಗುತ್ತಿಲ್ಲ. ಉಣಕಲ್ ಆದ ಮೇಲೆ ಶಿರೂರ ಪಾರ್ಕ್ ಕಡೆ ತಿರುಗಿದೆವು. ಹೊಸೂರು ಮುಟ್ಟಲು 34 ನಿಮಿಷ, ಮೊದಲು 28 ಹಿಡಿಯುತ್ತಿತ್ತು.

ಕೀಲಿ ವಾಪಸ್ ಸಿಕ್ಕಿದೆ. ಮಳೆ ಬಂದ ದಿನ ಚಿಗರಿ ಹತ್ತಬೇಕು, ಮುಟ್ಟಿದ ಕೂಡಲೇ ಫೋನ್ ಮಾಡಬೇಕು ಅಂತ ಹೇಳಿದ್ದಾಳೆ, ಒಪ್ಪಿಕೊಂಡಿದ್ದೇನೆ. ಮೇಷ್ಟ್ರೇ, ನಾಳೆ ಸಂಜೆ ಕೆರೆಯ ಹತ್ತಿರ ಕೂರುತ್ತೇನೆ. ಉಣಕಲ್ ಕೆರೆ ದಂಡೆಯವರೇ, ನೀವೂ ಅದೇ ಹೊತ್ತಿಗೆ ವಾಪಸ್ ಬರುವುದಾದರೆ ಹೇಳಿ, ಬಾಳೆಹಣ್ಣು ನಾನು ತರುತ್ತೇನೆ.