ಡ್ಯೂಟಿ ಮುಗಿದರೂ ಬಿಡದ ಸುಸ್ತು: ಮನೋವೈದ್ಯರನ್ನು ಕೇಳಿ

ಅಡ್ಮಿನ್, ಮೇ 2021: ಕೋವಿಡ್ ಡ್ಯೂಟಿಯಲ್ಲಿ ಇರುವವರಿಗೆ ಮಾತ್ರ ಈ ಪೋಸ್ಟ್. ರಾತ್ರಿ ಎಂಟರಿಂದ ಮನೋವೈದ್ಯೆ ಮೇಡಂ ಕಾಮೆಂಟಿನಲ್ಲೇ ಉತ್ತರ ಕೊಡುತ್ತಾರೆ. ನಿಮ್ಮ ಹೆಸರು, ಆಸ್ಪತ್ರೆ ಹೆಸರು ಬೇಡ. ಕೆಲಸ, ಊರು ಹಾಕಿದರೆ ಸಾಕು. ಫಾರ್ವರ್ಡ್ ಮಾತ್ರ ಹಾಕಬೇಡಿ, ದಮ್ಮಯ್ಯ.

ಸ್ಟಾಫ್ ನರ್ಸ್, ದಾವಣಗೆರೆ: ಮೇಡಂ ನಮಸ್ತೆ. ನೈಟ್ ಮುಗಿಸಿ ಬಂದರೆ ಹಗಲು ನಿದ್ದೆಯೇ ಬರುತ್ತಿಲ್ಲ. ಒಂದು ಒಳ್ಳೆ ನಿದ್ದೆ ಮಾತ್ರೆ ಹೇಳಿ.

ಡಾಕ್ಟರ್: ನಮಸ್ತೆ ಸಿಸ್ಟರ್. ಮಾತ್ರೆ ಹೆಸರು ಇಲ್ಲಿ ಹೇಳುವುದಿಲ್ಲ. ಡ್ಯೂಟಿಯ ಕೊನೆಯ ನಾಲ್ಕೈದು ಗಂಟೆ ಕಾಫಿ, ಟೀ ಬಿಡಿ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈ ಎಚ್ಚರಾಗುತ್ತದೆ. ರೂಮು ಕತ್ತಲೆ ಇರಲಿ, ಫೋನ್ ಹೊರಗಿರಲಿ. ಒಂದೇ ಸಲಕ್ಕೆ ಪೂರ್ತಿ ನಿದ್ದೆ ಆಗದಿದ್ದರೆ ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಡ್ಯೂಟಿಗೆ ಮುಂಚೆ ಒಂದೂವರೆ ಗಂಟೆ ಮಲಗಿ. ನಿದ್ದೆಗಣ್ಣಲ್ಲಿ ಸ್ಕೂಟಿ ಓಡಿಸಬೇಡಿ.

ಹೌಸ್ ಸರ್ಜನ್ (ತರಬೇತಿ ವೈದ್ಯ), ಬೆಂಗಳೂರು: ಮೇಡಂ, ರೋಗಿಗಳ ಕಡೆಯವರು ಬಾಯಿ ತೆರೆದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ. ರೋಗಿಯ ರಕ್ತದ ಆಮ್ಲಜನಕ, ಅಂದರೆ ಸ್ಯಾಚುರೇಷನ್, ಎಪ್ಪತ್ತಕ್ಕೆ ಇಳಿದಿದೆ ಅಂದರೂ ಏನೂ ಅನ್ನಿಸುತ್ತಿಲ್ಲ. ಇದು ಬರ್ನ್‌ಔಟಾ, ಡಿಪ್ರೆಶನ್ನಾ?

ಡಾಕ್ಟರ್: ಬರ್ನ್‌ಔಟ್ ಕಾಯಿಲೆ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಪಟ್ಟಿಯಲ್ಲಿ ಸೇರಿಸಿತು. ಅದಕ್ಕೆ ಮೂರು ಮುಖ. ಶಕ್ತಿ ಪೂರ್ತಿ ಬತ್ತುವುದು. ಕೆಲಸದ ಮೇಲೆ ಕಹಿ ಹುಟ್ಟುವುದು. ನಾನು ಮಾಡಿದ್ದರಿಂದ ಏನೂ ಆಗಲಿಲ್ಲ ಅನ್ನಿಸುವುದು. ನಿಮ್ಮ ಸಿಟ್ಟು ಎರಡನೆಯದು. ವಾರ್ಡಿನಿಂದ ಒಂದೆರಡು ದಿನ ದೂರ ಇದ್ದರೆ ಇದು ಸ್ವಲ್ಪವಾದರೂ ಇಳಿಯುತ್ತದೆ. ಡಿಪ್ರೆಶನ್ ಹಾಗಲ್ಲ, ರಜೆಗೂ ಜೊತೆಗೇ ಬರುತ್ತದೆ. ಗೆಳೆಯರ ಮಾತು, ಇಷ್ಟದ ಊಟ, ಯಾವುದೂ ಬೇಡ ಅನ್ನಿಸುವುದು ಎರಡು ವಾರ ದಾಟಿದರೆ ತೋರಿಸಿಕೊಳ್ಳಿ. ಎರಡೂ ಒಟ್ಟಿಗೆ ಇರಬಹುದು.

ಯೋಗಾಸಕ್ತ, ತುಮಕೂರು: ಎಲ್ಲರಿಗೂ ಉಪಯುಕ್ತ. ಕರ್ಪೂರ, ಓಮ, ಲವಂಗ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಮ್ಲಜನಕ ಏರುತ್ತದೆ, ಆಯಾಸ ಮಾಯ. ರಾತ್ರಿ ಹಾಲಿಗೆ ಅಶ್ವಗಂಧ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಹತ್ತು ಜನಕ್ಕೆ ಕಳಿಸಬೇಡಿ. ಕರ್ಪೂರ ಮೂಸಿದರೆ ಆಮ್ಲಜನಕ ಏರುವುದಿಲ್ಲ. ಮಗು ನುಂಗಿದರೆ ಫಿಟ್ಸ್ ಬರುತ್ತದೆ. ಥೈರಾಯ್ಡ್ ಮಾತ್ರೆ ಅಥವಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಅಶ್ವಗಂಧ ಸೇರಿಸಬಾರದು.

ಲ್ಯಾಬ್ ಟೆಕ್ನೀಷಿಯನ್, ಗದಗ: ಮೇಡಂ, ನನಗೇ ಕೋವಿಡ್ ಬಂದು ಹೋಗಿ ಎರಡು ತಿಂಗಳು. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಇದು ಬರ್ನ್‌ಔಟಾ, ಕೋವಿಡ್ಡಾ?

ಐಸಿಯು ನರ್ಸ್, ಮೈಸೂರು ಕಡೆ: ಮೇಡಂ, ನನಗೆ ಈಗ ಅಳುವೇ ಬರುವುದಿಲ್ಲ. ಬಾಡಿ ಪ್ಯಾಕ್ ಮಾಡಿ, ಕೈ ತೊಳೆದು, ಚಿತ್ರಾನ್ನ ತಿನ್ನುತ್ತೇನೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಮಾನಿಟರ್ ಅಲಾರಂ ಅಂತ ಎದ್ದು ಓಡುತ್ತೇನೆ. ಒಂದು ರಾತ್ರಿ ಆಮ್ಲಜನಕ ಕೊಡುವ ಹೈ ಫ್ಲೋ ಮೆಷಿನ್ ಒಂದೇ ಖಾಲಿ ಇತ್ತು, ಬೇಕಾಗಿದ್ದು ಇಬ್ಬರಿಗೆ. ಡಾಕ್ಟರ್ ಹೇಳಿದವರಿಗೆ ಹಾಕಿದೆ. ಇನ್ನೊಬ್ಬರು ಬೆಳಿಗ್ಗೆ ಹೋದರು. ಅವರ ಮಗಳು ಫೋನಿನಲ್ಲಿ "ಸಿಸ್ಟರ್, ನಮ್ಮಪ್ಪಂಗೆ ಯಾಕೆ ಹಾಕಲಿಲ್ಲ" ಅಂತ ನನ್ನನ್ನೇ ಕೇಳಿದಳು. ಮನೆಯಲ್ಲಿ ಮಾವನಿಗೂ ಪಾಸಿಟಿವ್ ಬಂತು, ನನ್ನಿಂದಲೇ ಅಂತಾರೆ. ಮಗು ಅಮ್ಮನ ಮನೆಯಲ್ಲಿದೆ. ರಾತ್ರಿ ನಿದ್ದೆಗೆ ಆಲ್‌ಪ್ರಜೋಲಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಅರ್ಧ ಸಾಕಿತ್ತು, ಈಗ ಸಾಲುವುದಿಲ್ಲ. ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಅನ್ನಿಸುತ್ತದೆ. ಉದ್ದ ಆಯಿತು, ಕ್ಷಮಿಸಿ.

ಡಾಕ್ಟರ್: ಉಳಿದವರು ಸ್ವಲ್ಪ ಕಾಯಿರಿ. ಸಿಸ್ಟರ್, ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯಾ? ಹೌದಾದರೆ ಹೌದು ಅನ್ನಿ, ಇಲ್ಲಿ ಬೇಡ, ನನ್ನ ಇನ್‌ಬಾಕ್ಸಿನಲ್ಲಿ. ನಾನು ಗಾಬರಿ ಆಗುವುದಿಲ್ಲ, ಬೈಯುವುದೂ ಇಲ್ಲ. ಈಗ ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ಅವರಿಗೆ ಈ ಕಾಮೆಂಟ್ ತೋರಿಸಿ. ಮಾತ್ರೆಯೆಲ್ಲ ಅವರ ಕೈಗೆ ಕೊಡಿ. ಇವತ್ತು ಒಬ್ಬರೇ ಮಲಗಬೇಡಿ.

ಹಾಗಂತ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ದಿನಾ ತೆಗೆದುಕೊಂಡ ಆಲ್‌ಪ್ರಜೋಲಾಮ್ ಏಕಾಏಕಿ ಬಿಟ್ಟರೆ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರ್ ನೋಡಿಕೊಂಡು ಮೆಲ್ಲಗೆ ಇಳಿಸಬೇಕು. ಅರ್ಧ ಸಾಲದಾಗಿದ್ದು ಆ ಮಾತ್ರೆಯ ಗುಣ, ನಿಮ್ಮ ದೌರ್ಬಲ್ಯ ಅಲ್ಲ.

ಇನ್ನು ಆ ಮೆಷಿನ್. ಯಾರಿಗೆ ಹಾಕಬೇಕು ಅಂತ ತೀರ್ಮಾನ ಮಾಡಿದ್ದು ನೀವಲ್ಲ. ಮಾಡಿದ ಡಾಕ್ಟರೂ ಬೇಕಂತ ಮಾಡಿದ್ದಲ್ಲ. ಈ ತಿಂಗಳು ರಾಜ್ಯದಲ್ಲಿ ಒಂದೇ ದಿನಕ್ಕೆ 50,000 ಪಾಸಿಟಿವ್ ದಾಟಿತು. ಹಾಸಿಗೆಯೂ ಇರಲಿಲ್ಲ, ಮೆಷಿನ್ನೂ ಇರಲಿಲ್ಲ. ಅದರ ಲೆಕ್ಕ ಕೊಡಬೇಕಾದವರು ಬೇರೆ ಇದ್ದಾರೆ. ಫೋನ್ ಎತ್ತಿದ್ದು ನೀವು, ಅದಕ್ಕೇ ಪ್ರಶ್ನೆ ನಿಮಗೆ ಬಂತು. ಆ ಮಗಳ ದುಃಖಕ್ಕೆ ಯಾರಾದರೂ ಒಬ್ಬರು ಬೇಕಿತ್ತು. ಅದನ್ನು ಅಪರಾಧದ ಹಾಗೆ ಹೊತ್ತುಕೊಳ್ಳಬೇಡಿ.

ಅಳು ಬರದಿದ್ದರೆ ಕಲ್ಲಾಗಿದ್ದೀರಿ ಅಂತಲ್ಲ. ತಡೆಯಲಾಗದಷ್ಟು ಬಂದಾಗ ಮನಸ್ಸು ಮರಗಟ್ಟುತ್ತದೆ. ಕುಕ್ಕರ್ ಸದ್ದಿಗೆ ಓಡುವುದು, ಅದೇ ರಾತ್ರಿ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ತಿಂಗಳು ದಾಟಿದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಫಲವೂ ಇದೆ. ನಾಳೆಯ ನೈಟ್‌ಗೆ ಹೋಗಬೇಡಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಚೀಟಿ ಕೇಳಿದರೆ ನೋಡಿದ ತಕ್ಷಣ ನಾನು ಬರೆದುಕೊಡುತ್ತೇನೆ. ನಾನು ಸಿಗದಿದ್ದರೆ ನಿಮ್ಹಾನ್ಸ್ ಸಹಾಯವಾಣಿ 080-46110007, ರಾತ್ರಿಯೂ ಎತ್ತುತ್ತಾರೆ. ಇದನ್ನು ಓದಿದ ಕೂಡಲೇ ನಿಮ್ಮ ನಂಬರ್ ಕಳಿಸಿ.

ಐಸಿಯು ನರ್ಸ್, ಮೈಸೂರು ಕಡೆ: ಯಜಮಾನರು ಇದ್ದಾರೆ ಮೇಡಂ. ನಂಬರ್ ಕಳಿಸಿದೆ.

ಡಾಕ್ಟರ್: ಫೋನ್ ಮಾಡುತ್ತಿದ್ದೇನೆ. ಉಳಿದವರಿಗೆ ಆಮೇಲೆ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ: ಆ ಅಕ್ಕಗ ದೇವರು ಒಳ್ಳೇದು ಮಾಡ್ಲಿ. ಆದರೆ ನಮ್ಮ ಪ್ರಶ್ನೆ ಯಾರೂ ಕೇಳುವುದಿಲ್ಲ. ನಮಗೆ ರೋಸ್ಟರೂ ಇಲ್ಲ, ಆಫೂ ಇಲ್ಲ. ಮನೆ ಮನೆಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಾರೆ, ನಾಯಿ ಬಿಡುತ್ತಾರೆ. ತಿಂಗಳಿಗೆ 12,000 ಕೊಡಿ ಅಂತ 2020ರ ಜುಲೈನಲ್ಲಿ ಮುಷ್ಕರ ಮಾಡಿದೆವು. ಮೊದಲು ಸಂಬಳ, ಆಮೇಲೆ ಮನಸ್ಸು.

ಸ್ಟಾಫ್ ನರ್ಸ್, ಹಾಸನ: ಅಕ್ಕ, ಎಲ್ಲದರಲ್ಲೂ ದುಡ್ಡಿನ ಮಾತು ಯಾಕೆ? ಮೈಪೂರ್ತಿ ಮುಚ್ಚುವ ಪಿಪಿಇ ಕಿಟ್ ಹಾಕಿಕೊಂಡು ಆರು ಗಂಟೆ ನೀರೂ ಕುಡಿಯದೆ ನಿಂತು ನೋಡಿ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ: ನಿಮಗೆ ಕಿಟ್ಟಾದರೂ ಇದೆ. ನಾವು ಸೀರೆ ಸೆರಗು ಮುಚ್ಚಿಕೊಂಡು ಹೋದವರು. ಬಿಸಿಲು ಎಷ್ಟು ಗೊತ್ತಾ ಇಲ್ಲಿ?

ಗ್ರೂಪ್ ಡಿ, ಬೆಂಗಳೂರು: ಬಾಡಿ ಎತ್ತುವವರು ನಾವು. ನಮ್ಮ ಹೆಸರೇ ಬರಲಿಲ್ಲ ಇಬ್ಬರ ಬಾಯಲ್ಲೂ. 2020ರ ಮಾರ್ಚ್ 22ಕ್ಕೆ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಓನರ್ ಮನೆ ಖಾಲಿ ಮಾಡು ಅಂದ.

ಆಡಳಿತ ವಿಭಾಗ, ಖಾಸಗಿ ಆಸ್ಪತ್ರೆ: ಮೇಡಂ ಸುಲಭವಾಗಿ ನೈಟ್‌ಗೆ ಹೋಗಬೇಡಿ ಅಂದರು. ಆ ಹಾಸಿಗೆಗಳನ್ನು ಯಾರು ನೋಡಿಕೊಳ್ಳಬೇಕು? ನಾವು ಸಿಬ್ಬಂದಿಗೆ ಭಾನುವಾರ ಆನ್‌ಲೈನ್ ಧ್ಯಾನ ಶಿಬಿರ ಇಟ್ಟಿದ್ದೇವೆ.

ಸ್ಟಾಫ್ ನರ್ಸ್, ಹಾಸನ: ಭಾನುವಾರ ಅವರ ಆಫ್ ಅಲ್ವಾ ಸರ್?

ಯೋಗಾಸಕ್ತ, ತುಮಕೂರು: ಸಕಾರಾತ್ಮಕವಾಗಿ ಯೋಚಿಸಿ. ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟರೆ ಸೋಂಕೇ ಇಲ್ಲ, ಚಿಂತೆಯೂ ಇಲ್ಲ.

ಡಾಕ್ಟರ್: ಬಂದೆ. ಆ ಸಿಸ್ಟರ್ ಜೊತೆ ಮನೆಯವರಿದ್ದಾರೆ, ನಾಳೆ ಬೆಳಿಗ್ಗೆ ನೋಡುತ್ತೇನೆ. ಅವರ ವಿಷಯ ಇಲ್ಲಿಗೆ ಸಾಕು, ಯಾರೂ ಕೆದಕಬೇಡಿ.

ತುಮಕೂರಿನವರೇ, ನಿಂಬೆರಸ ಉಸಿರಿನ ದಾರಿಗೆ ಇಳಿದರೆ ಜೀವಕ್ಕೇ ಅಪಾಯ. ಇನ್ನೊಂದು ಸಲ ಹಾಕಿದರೆ ಅಡ್ಮಿನ್‌ಗೆ ಹೇಳಿ ನಿಮ್ಮನ್ನೇ ಹೊರಗೆ ಹಾಕಿಸುತ್ತೇನೆ.

ಆಡಳಿತದವರೇ, ಆ ಹಾಸಿಗೆ ನೋಡಿಕೊಳ್ಳಲು ಇನ್ನೊಬ್ಬರನ್ನು ಹುಡುಕುವುದು ನಿಮ್ಮ ಕೆಲಸ, ಅವರದ್ದಲ್ಲ. ಕೋವಿಡ್ ವಾರ್ಡ್ ಮತ್ತು ಬೇರೆ ವಾರ್ಡ್ ನಡುವೆ ಜನರನ್ನು ಬದಲಾಯಿಸುತ್ತಿರಿ. ಆಫ್ ಅಂದರೆ ಆಫ್, ಫೋನ್ ಮಾಡಿ ಕರೆಯಬೇಡಿ. ಹೊಸಬರನ್ನು ಅನುಭವ ಇರುವವರ ಜೊತೆ ಹಾಕಿ. ಸಾವು ಜಾಸ್ತಿ ಆದ ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ಕೂರಿಸಿ ಟೀ ಕೊಟ್ಟು ಮಾತಾಡಿಸಿ. ಧ್ಯಾನ ಕೆಟ್ಟದ್ದು ಅನ್ನುವುದಿಲ್ಲ. ಆದರೆ ಇಬ್ಬರ ಕೆಲಸ ಒಬ್ಬರ ತಲೆ ಮೇಲೆ ಹಾಕಿ, ಉಸಿರಾಟ ಸರಿಯಾಗಿ ಮಾಡಿ ಅನ್ನುವುದು ಯಾವ ನ್ಯಾಯ?

ಆಡಳಿತ ವಿಭಾಗ, ಖಾಸಗಿ ಆಸ್ಪತ್ರೆ: ಕೂತು ಬರೆಯುವವರಿಗೆ ಏನು ಗೊತ್ತು.

ಡಾಕ್ಟರ್: ನಾನೂ ಕೋವಿಡ್ ವಾರ್ಡಿನ ರೌಂಡ್ಸ್ ಮುಗಿಸಿಯೇ ಬಂದಿದ್ದೇನೆ ಸರ್.

ಜೂನಿಯರ್ ಡಾಕ್ಟರ್, ಬಳ್ಳಾರಿ: ರೋಗಿಯ ಕಡೆಯವನು ಕೆನ್ನೆಗೆ ಹೊಡೆದ. ವಾರ್ಡಿಗೆ ಕಾಲಿಡಲು ಕೈ ನಡುಗುತ್ತದೆ. ಸುಮ್ನೆ ಬಿಟ್ಟುಬಿಡು ಅಂತಾರೆ ಸೀನಿಯರ್ಸ್.

ಡಾಕ್ಟರ್: ಬಿಡಬೇಡಿ. 2020ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ಆಗಿದೆ. ನಮ್ಮ ಮೇಲೆ ಕೈ ಮಾಡಿದರೆ ಮೂರು ತಿಂಗಳಿಂದ ಐದು ವರ್ಷ ಜೈಲು, ತೀವ್ರ ಗಾಯ ಆದರೆ ಏಳು ವರ್ಷದವರೆಗೆ. ಲಿಖಿತವಾಗಿ ದೂರು ಕೊಡಿ. ಕೈ ನಡುಕ ಕೆಲವು ದಿನ ಇರುತ್ತದೆ, ಹೋಗದಿದ್ದರೆ ಬನ್ನಿ.

ಫಾರ್ಮಸಿಸ್ಟ್, ಶಿರಸಿ: ಮೇಡಂ, ನಿದ್ದೆಗೆ ಯಾವ ಮಾತ್ರೆ ಒಳ್ಳೆಯದು?

ಡಾಕ್ಟರ್: ಮೇಲೆ ಓದಿ.

ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ), ಕೋಲಾರ: ನಿದ್ದೆಗೆ ದಿನಾ ಒಂದು ಪೆಗ್ ತೊಂದರೆ ಇಲ್ಲ ಅಂತಾರೆ ನಮ್ಮ ಯಜಮಾನರು. ಅವರು ಆಂಬುಲೆನ್ಸ್ ಡ್ರೈವರ್.

ಡಾಕ್ಟರ್: ತೊಂದರೆ ಇದೆ. ನಡುರಾತ್ರಿ ಎಚ್ಚರಾಗುತ್ತದೆ, ಪೆಗ್ ಎರಡಾಗುತ್ತದೆ. ನಿದ್ದೆ ಮಾತ್ರೆ ಜೊತೆಗಂತೂ ಬೇಡವೇ ಬೇಡ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ: ನನ್ನ ಮಾತಿಗೆ ಉತ್ತರ ಬರಲಿಲ್ಲ ಮೇಡಂ.

ಡಾಕ್ಟರ್: ಸಂಬಳದ ಮಾತಿಗೆ ನನ್ನಲ್ಲಿ ಮಾತ್ರೆ ಇಲ್ಲ ಅಕ್ಕ. ನೀವು ಹೇಳಿದ್ದು ಸರಿ. ಹಾಸನದ ಸಿಸ್ಟರ್, ಅವರು ದುಡ್ಡಿನ ಮಾತು ಆಡಬಾರದು ಅನ್ನಲು ನೀವ್ಯಾರು?

ಸ್ಟಾಫ್ ನರ್ಸ್, ಹಾಸನ: ಸಹಾಯ ಕೇಳಲು ಬಂದರೆ ಬೈಸಿಕೊಳ್ಳಬೇಕು. ಸರಿ, ನಾನು ಈ ಗುಂಪೇ ಬಿಡುತ್ತೇನೆ.

ಸ್ಟಾಫ್ ನರ್ಸ್, ವಿಜಯಪುರ: ಮೇಡಂ, ನಿದ್ದೆ ಮಾತ್ರೆ...

ಡಾಕ್ಟರ್: ಇಲ್ಲ. ಬೆಳಿಗ್ಗೆ ಓಪಿಡಿ ಇದೆ, ಹೊರಟೆ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಕರ್ಪೂರ, ನಿಂಬೆಹಣ್ಣಿನ ಕಾಮೆಂಟ್ ತೆಗೆಯೋಣ ಅಂದುಕೊಂಡೆ, ಮೇಡಂ ಉತ್ತರ ಕಾಣಲಿ ಅಂತ ಬಿಟ್ಟಿದ್ದೇನೆ.

ಲ್ಯಾಬ್ ಟೆಕ್ನೀಷಿಯನ್, ಗದಗ: ಅಡ್ಮಿನ್ ಸರ್, ಒಂದು ನಿಮಿಷ. ನಾನು ಕೇಳಿದ್ದು ಮೇಡಂ ನೋಡಿದರಾ?